ಬಚ್ಚಲ ದಾರಿಯಲ್ಲಿ ಆಧುನಿಕತೆ

ನಮ್ಮ ಮನೆಗೆ ಆಧುನಿಕತೆ ಬಂದದ್ದು ಬುಧವಾರ ಸಂಜೆ. ಶುಕ್ರವಾರದ ಹೊತ್ತಿಗೆ ಅದು ಹೊರಟೂ ಹೋಗಿತ್ತು. ಅದರ ಹಿಂದೆಯೇ ಬಂದದ್ದಕ್ಕೂ ಒಂದು ಹೆಸರಿದೆ. ಆದರೆ ಆ ಹೆಸರು ಕಿವಿಗೆ ಬಿದ್ದರೆ ನಮ್ಮಮ್ಮ ಈಗಲೂ ಸೌಟು ಹುಡುಕುತ್ತಾಳೆ.

ನಮ್ಮದು ತಣಿಸಂದ್ರದ ಹಳೆ ಊರು. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದು ನಿಂತ ಮೇಲೆ ನಾವು ಬಾವಿಯ ತಳದಿಂದ ನೋಡಿದ ಹಾಗೆ ಆಕಾಶ ನೋಡುತ್ತೇವೆ. ನಮ್ಮಪ್ಪ ಮುನಿವೆಂಕಟಯ್ಯ ಅಜ್ಜನ ಹೆಂಚಿನ ಮನೆ ಕೆಡವಿ ಮೂರು ಅಂತಸ್ತು ಕಟ್ಟಿಸಿದ್ದಾನೆ. ಕೆಳಗೆ ಹಿಂಭಾಗದಲ್ಲಿ ನಾವು, ರಸ್ತೆಯ ಕಡೆಗೆ ಗಯಾಸಣ್ಣನ ಸೋಫಾ ಅಂಗಡಿ. ನಡುವಿನ ಪಾರ್ಕಿಂಗಿನಲ್ಲಿ ಒಂದು ಕಡೆ ಬಾಡಿಗೆದಾರರ ಸ್ಕೂಟರುಗಳು, ಇನ್ನೊಂದು ಕಡೆ ನಮ್ಮ ಸೀಮೆಹಸು. ಸ್ಕೂಟರಿನ ಸೀಟಿನ ರೆಕ್ಸಿನ್ ಅಂದರೆ ಅದಕ್ಕೆ ಪ್ರಾಣ. ಬಾಡಿಗೆಗೆ ಬರುವವರಿಗೆ ಅಪ್ಪ ಇದನ್ನು ಮೊದಲೇ ಹೇಳುವುದಿಲ್ಲ.

ಗಯಾಸಣ್ಣನ ಕಾಲಿಗೆ ಅಪಘಾತವಾಗಿ ಒಳಗೆ ರಾಡು ಕೂತಿದೆ. ಹಾಗಾಗಿ ಅವನು ಅಂಗಡಿಯ ಹಿಂದೆ ತನ್ನ ಖರ್ಚಿನಲ್ಲೇ ಒಂದು ಕಮೋಡ್ ಕೂರಿಸಿಕೊಂಡ. ಆಗ ಅಪ್ಪ ಎಬ್ಬಿಸಿದ ಗಲಾಟೆ ಬೀದಿಗೆಲ್ಲ ಗೊತ್ತು. ಸೋಫಾ ಹೊಲಿಯುವವನಿಗೆ ಸಿಂಹಾಸನ ಯಾಕೆ ಎಂದು ಅಪ್ಪ ವಾರಗಟ್ಟಲೆ ಕೇಳಿದ. ಆಮೇಲೆ ನಮ್ಮ ಬಚ್ಚಲಿಗೂ ಒಂದು ಕಮೋಡ್ ಹಾಕಿಸಿದ. ಅಂಗಡಿಯವನಿಗೆ ಇದ್ದು ಮಾಲೀಕನಿಗೆ ಇಲ್ಲ ಅಂತ ಆಗಬಾರದಲ್ಲ.

ನಾನು ಸಂಯುಕ್ತಾ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಹಜಾರದ ಕಿಟಕಿಯ ಪಕ್ಕ ಮಿಷನ್ ಇಟ್ಟುಕೊಂಡು ಸೀರೆಗೆ ಫಾಲ್ ಹೊಲಿಯುತ್ತೇನೆ, ಪಿಕೋ ಹಾಕುತ್ತೇನೆ. ಮಿಷನ್ನಿನ ಮುಂದೆ ಕೂತವಳನ್ನು ಯಾರೂ ಗಮನಿಸುವುದಿಲ್ಲ. ಎದುರಿಗೇ ಎಲ್ಲವನ್ನೂ ಮಾತಾಡುತ್ತಾರೆ. ಗಮನಿಸಿದವರು ಒಬ್ಬರೇ. ಹೆಬ್ಬಾಳದ ಕಡೆಯ ಮನೋಹರ್ ಎಂಬವರು ಅವರ ಅಮ್ಮನ ಒಂದು ಸೀರೆ ತಂದುಕೊಟ್ಟು, ಫಾಲ್ ಆಯಿತಾ ಎಂದು ಕೇಳಲು ಮತ್ತೆ ಮತ್ತೆ ಬಂದರು. ಅದು ಮೊದಲ ದಿನವೇ ಆಗಿತ್ತು. ನಾನೂ ಹೇಳಲಿಲ್ಲ, ಅವರೂ ಮಡಿಸಿಟ್ಟ ಸೀರೆಯ ಕಡೆ ನೋಡಲಿಲ್ಲ. ಆಮೇಲೆ ಅವರ ಅಮ್ಮ ಯಾವುದೋ ಮದುವೆಯಲ್ಲಿ ಯಲಹಂಕದ ನಮ್ಮ ಯಶೋಧತ್ತೆಯ ಪಕ್ಕದಲ್ಲೇ ಊಟಕ್ಕೆ ಕೂತರು. ಅತ್ತೆ ಹಪ್ಪಳ ಬರುವುದರೊಳಗೆ ಸಂಬಂಧ ಕುದುರಿಸಿದಳು. ಇದೆಲ್ಲ ತನ್ನ ತಲೆಯ ಕೆಲಸ ಎಂದು ಅತ್ತೆ ಇವತ್ತಿಗೂ ನಂಬಿದ್ದಾಳೆ. ನಂಬಲಿ.

ಬುಧವಾರ ಅತ್ತೆಯ ಫೋನು ಬಂತು. ಭಾನುವಾರ ಗಂಡಿನ ಕಡೆಯವರು ಬರುತ್ತಾರೆ. ಆ ಮನೆಯಲ್ಲಿ ಸೋದರಮಾವ ಮಹಾಲಿಂಗಪ್ಪನವರ ಮಾತೇ ಮಾತು. ಅವರು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರಾಗಿದ್ದು ರಿಟೈರಾದವರು. ಹೋದ ತಿಂಗಳು ಯಶವಂತಪುರದಲ್ಲಿ ಒಂದು ಹೆಣ್ಣು ನೋಡಲು ಹೋದವರು ಕಾಫಿಯನ್ನೂ ಕುಡಿಯದೆ ಎದ್ದು ಬಂದರಂತೆ. ಕಾರಣ ಯಾರಿಗೂ ತಿಳಿಯದು.

ಅಪ್ಪ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. "ಸಮಾಜಶಾಸ್ತ್ರ ಓದಿರೋರು ಯಶೋಧಾ," ಎಂದ. "ಮನೆ ಒಳೀಕ್ಕೆ ಕಾಲಿಟ್ಟೇಟಿಗೆ ಇದು ಎಂತಾ ಮನೆ ಅಂತ ಗೊತ್ತಾಗೋಯ್ತದೆ. ಆ ಮನೇಲಿ ಏನೋ ಕೊರತೆ ಕಂಡದೆ. ನೀನು ಎದ್ರುಬ್ಯಾಡ, ನಂಗೂ ಆ ಶಾಸ್ತ್ರ ಗೊತ್ತು."

ಆ ಶಾಸ್ತ್ರದಲ್ಲಿ ಅಪ್ಪನಿಗೆ ಗೊತ್ತಿದ್ದದ್ದು ಒಂದೇ ವಿಷಯ. ಅದನ್ನು ಕಲಿಸುವ ಪ್ರತಿಭಾ ಮೇಡಂ ನಮ್ಮ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದಾರೆ.

ಅವರು ಕಲಬುರಗಿ ಕಡೆಯವರು, ಡಿಗ್ರಿ ಕಾಲೇಜಿನ ಮೇಡಂ. ಆ ಸಂಜೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಜೀವ ಸವೆಸಿ, ಕೈಯಲ್ಲಿ ಮೆಂತ್ಯದ ಸೊಪ್ಪು ಹಿಡಿದು ಬರುತ್ತಿದ್ದವರನ್ನು ಅಪ್ಪ ಪಾರ್ಕಿಂಗಿನಲ್ಲೇ ತಡೆದ. ಆದರೆ ಹೆಣ್ಣು ನೋಡುವ ಮಾತನ್ನು ಮಾತ್ರ ಎತ್ತಲಿಲ್ಲ. ಸಂಬಂಧ ಕೂಡುವ ತನಕ ಅದನ್ನು ಹೊರಗೆ ಆಡಿದರೆ ಕಣ್ಣು ಬೀಳುತ್ತದೆ ಎನ್ನುವುದು ನಮ್ಮ ಮನೆಯ ಪದ್ಧತಿ. ಆ ಒಂದು ಮಾತು ಆಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಪ್ಪ ಕೇಳಿದ್ದಿಷ್ಟೇ: ನಿಮ್ಮ ಶಾಸ್ತ್ರದ ಪ್ರಕಾರ ಈ ಕಾಲದಲ್ಲಿ ಮನೆ ಹೇಗಿರಬೇಕು?

ಕ್ಲಾಸಿನಲ್ಲಿ ಮೇಡಂ ಪಾಠ ಶುರು ಮಾಡಿದರೆ ಹುಡುಗರು ಫೋನು ತೆಗೆಯುತ್ತಾರಂತೆ. ಇಲ್ಲಿ ಒಬ್ಬ ಮನೆ ಮಾಲೀಕ ಬಾಡಿಗೆ ಬಿಟ್ಟು ಪಾಠ ಕೇಳುತ್ತಿದ್ದಾನೆ. ಅವರ ಮುಖ ಅರಳಿತು. ಸೊಪ್ಪನ್ನು ಸ್ಕೂಟರಿನ ಮೇಲಿಟ್ಟು, ಆಧುನಿಕತೆ ಎಂದರೆ ಏನೆಂದು ವಿವರಿಸಿದರು. ಹಿಂದೆ ಮನೆ, ಕೆಲಸ, ದೇವರು, ದನ ಎಲ್ಲ ಒಂದೇ ಕಡೆ ಇದ್ದವು. ಆಮೇಲೆ ಫ್ಯಾಕ್ಟರಿ ಬಂತು, ಗಡಿಯಾರ ಬಂತು. ಜಾಲಹಳ್ಳಿಯಲ್ಲಿ ಜನ ಸೈರನ್ ಕೇಳಿ ಉಣ್ಣುವುದನ್ನು ಕಲಿತರು. ದುಡಿಮೆಗೆ ಒಂದು ಜಾಗ, ಬದುಕಿಗೆ ಒಂದು ಜಾಗ. ದೇವರು ಬೀದಿಯಿಂದ ಮನೆಯೊಳಗೆ ಸರಿದ. ಅವರು ಮುಗಿಸುವ ಹೊತ್ತಿಗೆ ಸೊಪ್ಪನ್ನೂ ಹಸು ಮುಗಿಸಿತ್ತು.

ಗುರುವಾರ ಬೆಳಗ್ಗೆ ಅಪ್ಪ ಮನೆಯ ಪ್ರತಿ ಗೋಡೆಗೂ ಗಡಿಯಾರ ತೂಗುಹಾಕಿದ. ಬಚ್ಚಲಿಗೂ ಒಂದು. ಹಸು ದುಡಿಮೆಯ ಲೆಕ್ಕಕ್ಕೆ ಬರುತ್ತದೆಂದು ಅದನ್ನು ಹಿಂದಿನ ಖಾಲಿ ಸೈಟಿಗೆ ಕಳಿಸಿದ. ಗಯಾಸಣ್ಣನ ಅಂಗಡಿಯಿಂದ ಕಡು ಕೆಂಪು ಬಣ್ಣದ, ಮೂರು ಜನ ಮಲಗಬಹುದಾದ ಸೋಫಾ ಬಂತು. ಅದು ಹಜಾರದಲ್ಲಿ ಕೂತ ಮೇಲೆ ನಾವು ಗೋಡೆ ಹಿಡಿದು ಓಡಾಡಬೇಕಾಯಿತು. ಹಜಾರದ ದೇವರ ಪಟಗಳನ್ನೆಲ್ಲ ಇಳಿಸಿ ಅಡುಗೆಮನೆಗೆ ಒಯ್ದ.

"ದೇವ್ರೇನು ಬಾಡಿಗೆಗೆ ಇದ್ರಾ, ಖಾಲಿ ಮಾಡ್ಸೋಕೆ?" ಎಂದು ಅಮ್ಮ ಕೇಳಿದಳು. ಅವಳ ಹೆಸರು ಅಂಜಿನಮ್ಮ. ಹೆಸರಿನಲ್ಲಿ ಏನೇ ಇರಲಿ, ಅವಳು ಅಂಜುವುದು ಯಾರಿಗೂ ಇಲ್ಲ.

ಅವರು ಖಾಸಗಿ ವಲಯಕ್ಕೆ ಸರಿದಿದ್ದಾರೆ ಎಂದು ಅಪ್ಪ ಗಂಭೀರವಾಗಿ ತಿಳಿಸಿದ. ಸರಿದವರಲ್ಲಿ ತಿರುಪತಿ ತಿಮ್ಮಪ್ಪ ಒಗ್ಗರಣೆ ಒಲೆಯ ಪಕ್ಕಕ್ಕೆ ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಮೇಲೆ ಸಾಸಿವೆ ಸಿಡಿದಿತ್ತು.

ಶುಕ್ರವಾರ ಪ್ರತಿಭಾ ಮೇಡಂ ಹೆಪ್ಪಿಗೆ ಮೊಸರು ಕೇಳಲು ಬಂದರು. ಒಳಗೆ ಕಾಲಿಟ್ಟವರು ಸೋಫಾಕ್ಕೆ ಡಿಕ್ಕಿ ಹೊಡೆದು, ಗೋಡೆಗಳನ್ನೆಲ್ಲ ನೋಡಿ, ಇಲ್ಲೇನಾದರೂ ಕೋಚಿಂಗ್ ಸೆಂಟರ್ ಶುರುವಾಯಿತಾ ಎಂದು ಕೇಳಿದರು. ಅಪ್ಪ ಕೈಕಟ್ಟಿ ನಿಂತ. ನಿಮ್ಮ ಶಾಸ್ತ್ರದ ದೊಡ್ಡ ಮೇಷ್ಟ್ರು ಯಾರಾದರೂ ಇದನ್ನು ನೋಡಿದರೆ ಏನೆಂದಾರು ಎಂದು ವಿಚಾರಿಸಿದ.

ಮೇಡಂಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಈಗಿನ ವಿದ್ವಾಂಸರು ಆಧುನಿಕತಿ ಅಂದ್ರ ಮೂಗು ಮುರೀತಾರ್ರಿ ಅಂಕಲ್," ಎಂದರು. "ಈಗೇನಿದ್ರೂ ಜಾಗತೀಕರಣದ ಚರ್ಚಾ. ಹೆಬ್ಬಾಳದಾಗೂ ಇದೇ ಸೋಫಾ, ಹಾಲೆಂಡಿನಾಗೂ ಇದೇ ಸೋಫಾ. ಜಗತ್ತೆಲ್ಲ ಒಂದೇ ನಮೂನಿ ಆಗೇದ. ಅದಕ್ಕ ಎಲ್ಲಾರೂ ಸ್ಥಳೀಯದ್ದು ಎಲ್ಲೈತಿ ಅಂತ ಹುಡುಕ್ಲಿಕ್ಕತ್ತಾರ."

ಅವರು ಮೊಸರು ತೆಗೆದುಕೊಂಡು ಮೆಟ್ಟಿಲು ಹತ್ತುವ ಮೊದಲೇ ಅಪ್ಪ ಗಡಿಯಾರಗಳನ್ನು ಇಳಿಸುತ್ತಿದ್ದ. ಸೋಫಾವನ್ನು ವಾಪಸು ಕಳಿಸಲು ಹೋದರೆ ಗಯಾಸಣ್ಣ ಒಪ್ಪಲಿಲ್ಲ. ಹಾಲೆಂಡಿನ ಮಾತು ಅವನ ಮನಸ್ಸಿಗೆ ನಾಟಿತ್ತು. "ನನ್ ಸೋಫಾ ಹಾಲೆಂಡಲ್ಲಿ ಇದ್ದಿದ್ರೆ, ನಾನ್ಯಾಕಣ್ಣ ನಿಮ್ ಹಸು ಪಕ್ಕ ಕೂತು ಮೊಳೆ ಹೊಡೀತಿದ್ದೆ?" ಎಂದು ಹೇಳಿ ಶಟರ್ ಅರ್ಧ ಇಳಿಸಿದ.

ಕೊನೆಗೆ ಅಪ್ಪ, ಅಮ್ಮ, ನಾನು ಸೇರಿ ಸೋಫಾವನ್ನು ಬಚ್ಚಲಿಗೆ ಹೋಗುವ ಓಣಿಗೆ ತಳ್ಳಿದೆವು. ಓಣಿ ಕಿರಿದು, ತಿರುವೂ ಇದೆ. ತಿರುವಿನ ತನಕ ಸೋಫಾ ನಮ್ಮ ಮಾತು ಕೇಳಿತು. ಅಲ್ಲಿ ಅದು ಒಮ್ಮೆ ನರಳಿ, ಒಂದು ಕೈಯನ್ನು ಬಚ್ಚಲ ಬಾಗಿಲಿಗೂ ಇನ್ನೊಂದನ್ನು ಗೋಡೆಗೂ ಆನಿಸಿ, ಇನ್ನು ಮುಂದೆಯೂ ಇಲ್ಲ ಹಿಂದೆಯೂ ಇಲ್ಲ ಎಂದು ನಿಂತುಬಿಟ್ಟಿತು. ಸದ್ಯಕ್ಕೆ ಯಾರಿಗೂ ಕಾಣುವುದಿಲ್ಲವಲ್ಲ ಎಂದು ಅಪ್ಪ ಬೆವರು ಒರೆಸಿಕೊಂಡ. ಬಚ್ಚಲೂ ಕಾಣುವುದಿಲ್ಲ ಎನ್ನುವುದು ಅಮ್ಮನಿಗೆ ಹೊಳೆಯಿತು. ಅವತ್ತಿನಿಂದ ನಾವು ಅದಕ್ಕೂ ಇದಕ್ಕೂ ಬಕೆಟ್ ಹಿಡಿದು ಎರಡನೇ ಮಹಡಿಗೆ, ಮೇಡಂ ಮನೆಗೆ ಹತ್ತತೊಡಗಿದೆವು.

ಇತ್ತ ಸ್ಥಳೀಯತೆಯ ಸ್ಥಾಪನೆ ಭರದಿಂದ ನಡೆಯಿತು. ಟಿವಿ, ಫ್ರಿಜ್ಜು, ಕುರ್ಚಿಗಳೆಲ್ಲ ಸೋಫಾದ ಮೇಲಕ್ಕೆ ಹೋದವು. ಹಜಾರದಲ್ಲಿ ಚಾಪೆ ಹಾಸಿದರು. ಬೇಲಿಯಲ್ಲಿ ಬಿದ್ದಿದ್ದ ಒರಳುಕಲ್ಲು ಒಳಗೆ ಬಂತು. ಹಸು ಪಾರ್ಕಿಂಗಿಗೆ ಮರಳಿತು. ಆದರೆ ಅಲ್ಲೊಂದು ತೊಡಕು ಕಾಣಿಸಿತು: ಅದು ಕಪ್ಪು ಬಿಳುಪಿನ ಸೀಮೆಹಸು. ಹಾಲೆಂಡ್ ಕಡೆಯ ತಳಿ ಎಂದು ಹೆಬ್ಬಾಳದ ದನದ ಡಾಕ್ಟರೇ ಹಿಂದೊಮ್ಮೆ ಹೇಳಿದ್ದರು. ಅಪ್ಪ ಯೋಚಿಸಿ, ಮಚ್ಚೆ ಕಾಣದಂತೆ ಅದಕ್ಕೆ ಶಾಲು ಹೊದಿಸಿದ. ಹಾಲು ಸಂಘದಲ್ಲಿ ಅಪ್ಪನಿಗೆ ಸನ್ಮಾನವಾದಾಗ ಹೊದಿಸಿದ್ದ ಜರಿ ಶಾಲು ಅದು. ಹೇಗೆ ನೋಡಿದರೂ ಹಾಲು ಕೊಟ್ಟದ್ದು ಹಸುವೇ.

ಮನೆಯ ಸಾಮಾನೆಲ್ಲ ಸರಿಸಿ ಚಾಪೆ ಹಾಸಿದ್ದು ಕಂಡು ಬೀದಿಯವರು ಬೇರೆಯೇ ಅರ್ಥ ಮಾಡಿಕೊಂಡರು. ಒಬ್ಬೊಬ್ಬರಾಗಿ ಚಪ್ಪಲಿ ದೂರ ಬಿಟ್ಟು, ತಲೆ ತಗ್ಗಿಸಿ ಬಂದು, ಚಾಪೆಯ ಅಂಚಿನಲ್ಲಿ ಕೂತರು. ಎದುರುಮನೆಯ ಮಹೇಂದ್ರಣ್ಣ, ಯಾವಾಗ ಆಯಿತು, ಮೊನ್ನೆ ಚೆನ್ನಾಗೇ ಇದ್ದರಲ್ಲ ಎಂದು ಮೆಲ್ಲಗೆ ಕೇಳಿದರು. ಯಾರು ಎಂದು ಅವರಿಗೂ ಗೊತ್ತಿರಲಿಲ್ಲ. ಅಪ್ಪ ಅವರಿಗೆಲ್ಲ ಜಾಗತೀಕರಣ ತಿಳಿಸಿಕೊಟ್ಟ. ದುಃಖದಲ್ಲಿ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಜೋಪಾನ ನೋಡಿಕೊಳ್ಳಿ ಎಂದು ಅಮ್ಮನಿಗೆ ಹೇಳಿ ಅವರೆಲ್ಲ ಎದ್ದು ಹೋದರು.

ಶನಿವಾರ ಅಮ್ಮ ಮುಷ್ಕರ ಹೂಡಿದಳು. ಫ್ರಿಜ್ಜು ಬರುವ ತನಕ ಒಲೆ ಹಚ್ಚುವುದಿಲ್ಲ ಎಂದಳು. ಅಪ್ಪ ಮತ್ತೆ ಮೇಡಂ ಬಾಗಿಲು ಬಡಿದ. ಇದರಿಂದ ಹೊರಗೆ ಬರುವ ದಾರಿ ನಿಮ್ಮ ಶಾಸ್ತ್ರದಲ್ಲಿ ಇಲ್ಲವೇ ಎಂದು ಕೇಳಿದ. ನಿನ್ನೆಯಿಂದ ಮಾಲೀಕನ ಮನೆಯವರೆಲ್ಲ ತಮ್ಮ ಬಚ್ಚಲಿಗೆ ಬರುತ್ತಿರುವುದನ್ನು ನೋಡಿದ್ದ ಮೇಡಂ, ಉತ್ತರ ಕೊಡುವ ಮುಂಚೆ ಬಾಗಿಲಲ್ಲೇ ಯೋಚಿಸಿದರು. ಆದರೆ ಪಾಠದ ಸೆಳೆತ ದೊಡ್ಡದು. ಆಧುನಿಕತೆಯ ನಂತರದ್ದೂ ಒಂದಿದೆ, ಅದರಲ್ಲಿ ಒಂದೇ ಸತ್ಯ ಎಂಬುದಿಲ್ಲ, ಎಲ್ಲದಕ್ಕೂ ಒಂದು ಕೇಂದ್ರ ಎಂಬುದಿಲ್ಲ, ಹಳೆಯದು ಹೊಸದು ಬೆರೆತು ಪಕ್ಕಪಕ್ಕದಲ್ಲೇ ಇರುತ್ತವೆ, ಯಾವುದೂ ಮೇಲಲ್ಲ ಕೀಳಲ್ಲ ಎಂದರು.

"ಅಂಗಾರೆ ಯಾವ್ದು ಎಲ್ಲಿದ್ರೂ ನಡೀತದಾ?"

"ನಡೀತದ್ರಿ," ಎಂದು ಮೇಡಂ ಬಾಗಿಲು ಹಾಕಿಕೊಂಡರು.

ಅಪ್ಪ ಮೆಟ್ಟಿಲನ್ನು ಹಾರಿಕೊಂಡೇ ಇಳಿದ. ಒರಳುಕಲ್ಲಿನ ಮೇಲೆ ಟಿವಿ ಕೂತಿತು. ತಿಮ್ಮಪ್ಪ ಸಾಸಿವೆಯ ಸಮೇತ ಹಜಾರಕ್ಕೆ ಬಂದು ಮತ್ತೆ ಗೋಡೆ ಹತ್ತಿದ ಎರಡು ಗಡಿಯಾರಗಳ ನಡುವೆ ನೆಲೆಸಿದ. ಫ್ರಿಜ್ಜು ಬಂತು. ಚಾಪೆ ಹಾಗೇ ಉಳಿಯಿತು. ಕುರ್ಚಿಗಳ ಕಾಲು ಸೋಫಾದ ಸಂದಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಅವು ಬರಲಿಲ್ಲ. ಸೋಫಾ ಬರುವ ಮಾತಂತೂ ಇರಲಿಲ್ಲ. ಗಯಾಸಣ್ಣ ಸಿಟ್ಟು ಮರೆತು ಗರಗಸ ಹಿಡಿದು ಬಂದ. ಒಳ್ಳೆ ಕಾರ್ಯದ ಹೊತ್ತಲ್ಲಿ ಮನೆಯೊಳಗೆ ಮರ ಕೊಯ್ಯಬಾರದು ಎಂದು ಅಮ್ಮ ಅಡ್ಡ ನಿಂತಳು. ಸೋಮವಾರ ಕೊಯ್ಯುವುದೆಂದು ತೀರ್ಮಾನವಾಯಿತು.

ಭಾನುವಾರ ಹತ್ತು ಗಂಟೆಗೆ ಅವರು ಬಂದರು: ಮನೋಹರ್, ಅವರ ಅಮ್ಮ, ಯಶೋಧತ್ತೆ, ಎಲ್ಲರಿಗಿಂತ ಹಿಂದೆ ಮಹಾಲಿಂಗಪ್ಪನವರು. ಎತ್ತರದ ಆಳು, ಬಿಳಿ ಶರ್ಟು, ಕೈಯಲ್ಲಿ ಕೊಡೆ. ಮಳೆ ಇರಲಿಲ್ಲ. ಪಾರ್ಕಿಂಗಿನಲ್ಲಿ ಜರಿ ಶಾಲು ಹೊದ್ದ ಹಸುವನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಹಸುವೂ ನೋಡಿತು.

"ನಮ್ಮಲ್ಲಿ ಕೇಂದ್ರ ಅಂತ ಇಲ್ಲ ಸಾರ್," ಎಂದು ಅಪ್ಪ ಒಳಗೆ ಕರೆದ. "ಎಲ್ಲಿ ಬೇಕಾದ್ರೂ ಕೂತ್ಕೋಬೋದು."

ಉಳಿದವರು ಚಾಪೆಯ ಮೇಲೆ ಕೂತರು. ಮಹಾಲಿಂಗಪ್ಪನವರು ಕೂರಲಿಲ್ಲ. ಕೊಡೆ ಊರಿಕೊಂಡು ಗಡಿಯಾರ ನೋಡಿದರು, ತಿಮ್ಮಪ್ಪನನ್ನು ನೋಡಿದರು, ಒರಳುಕಲ್ಲಿನ ಮೇಲಿನ ಟಿವಿ ನೋಡಿದರು. ಮನೆಯನ್ನು ಅಳೆಯುತ್ತಿದ್ದಾರೆ ಎಂದು ಅಪ್ಪ ಕಣ್ಣಲ್ಲೇ ಅಮ್ಮನಿಗೆ ತಿಳಿಸಿದ. ಅವರು ನಿಂತಷ್ಟೂ ಅಪ್ಪ ಮಾತಾಡಿದ. ಜಾಲಹಳ್ಳಿಯ ಸೈರನ್, ಹಾಲೆಂಡಿನ ಸೋಫಾ, ಸತ್ಯ ಒಂದೇ ಅಲ್ಲ ಎನ್ನುವುದು, ಎಲ್ಲ ಬಂತು. ಹ್ಞೂಂ, ಹೌದಾ, ಸರಿ ಎಂದಷ್ಟೇ ಅವರು ಉತ್ತರಿಸುತ್ತಿದ್ದರು. ಹಣೆಯಲ್ಲಿ ಬೆವರು ಮೂಡಿತ್ತು. ಆ ಬೆವರು ಅಪ್ಪನಿಗೆ ಹುರುಪು ತಂದಿತು. ತನ್ನ ಪಾಂಡಿತ್ಯಕ್ಕೆ ಮೇಷ್ಟ್ರು ತತ್ತರಿಸುತ್ತಿದ್ದಾರೆ ಎಂದುಕೊಂಡ.

ನಾನು ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ನೆಲ ನೋಡಬೇಕು. ನೆಲ ನೋಡಿದವಳಿಗೆ ಕಾಣುವುದು ಕಾಲುಗಳು. ಮಹಾಲಿಂಗಪ್ಪನವರ ಎಡಗೈ ಅವರ ಮಂಡಿಯನ್ನು ಬಿಟ್ಟೇ ಇರಲಿಲ್ಲ. ಭಾರವನ್ನು ಈ ಕಾಲಿಗೂ ಆ ಕಾಲಿಗೂ ಬದಲಿಸುತ್ತಿದ್ದರು.

ಅವರು ಬಗ್ಗಿ ಮನೋಹರ್ ಕಿವಿಯಲ್ಲಿ ಏನೋ ಹೇಳಿದರು. ಮನೋಹರ್ ಎದ್ದು, ಮಾವನಿಗೆ ಬಾತ್‌ರೂಮಿಗೆ ಹೋಗಬೇಕಂತೆ ಎಂದು ಅಪ್ಪನನ್ನು ಮೆಲ್ಲಗೆ ಕೇಳಿದರು. ಅಪ್ಪ ಉತ್ಸಾಹದಿಂದ ಓಣಿಯ ಕಡೆ ಕೈ ತೋರಿಸಿದ. ಕೈ ಅರ್ಧಕ್ಕೇ ನಿಂತಿತು. ಎಲ್ಲರೂ ಎದ್ದು ನೋಡಿದರು. ಕಡು ಕೆಂಪು ಸೋಫಾ ಬಾಗಿಲನ್ನು ತಬ್ಬಿಕೊಂಡು ಕೂತಿತ್ತು, ಮೈತುಂಬ ಕುರ್ಚಿಗಳು. ಮೇಲಿನ ಮನೆಯಲ್ಲಿ ವ್ಯವಸ್ಥೆ ಇದೆ, ಎರಡೇ ಮಹಡಿ ಎಂದು ಅಪ್ಪ ಹೇಳಿದ. ಮಹಾಲಿಂಗಪ್ಪನವರು ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಬಾ ಮನೋಹರ, ಹೊರಡೋಣ," ಎಂದರು.

ಯಶೋಧತ್ತೆ ಬಾಯಿಗೆ ಸೆರಗು ತುರುಕಿಕೊಂಡಳು. ಯಶವಂತಪುರದಲ್ಲೂ ಹೀಗೇ ಆದದ್ದು. ಮನೋಹರ್ ನನ್ನ ಕಡೆ ನೋಡಿದರು. ಸೀರೆ ವಾಪಸು ಒಯ್ಯಬೇಕಾದ ದಿನ ಅವರ ಮುಖ ಹೀಗೇ ಆಗಿತ್ತು. ಅಪ್ಪ ಬಾಗಿಲಿಗೆ ಅಡ್ಡ ನಿಂತು, ಜಾಗತೀಕರಣದಲ್ಲಿ ತನ್ನದೇನಾದರೂ ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ ಎಂದು ಕೈಮುಗಿಯುತ್ತಿದ್ದ.

ಹೆಣ್ಣು ತೋರಿಸುವಾಗ ಹುಡುಗಿ ತಾನಾಗಿ ಮಾತಾಡಬಾರದು. ಕೇಳಿದರೆ ಹೆಸರು ಹೇಳಬೇಕು, ಅದೂ ಅರ್ಧ. ನಾನು ಕಾಫಿ ತಟ್ಟೆಯನ್ನು ಟಿವಿಯ ಮುಂದೆ ಒರಳುಕಲ್ಲಿನ ಮೇಲಿಟ್ಟೆ.

"ಮುಂದ್ಗಡೆ ಗಯಾಸಣ್ಣನ ಅಂಗಡೀಲಿ ಕಮೋಡ್ ಇದೆ ಸಾರ್," ಎಂದೆ. "ಮೆಟ್ಲಿಲ್ಲ. ಹಿಡ್ಕೊಳೋಕೆ ಕಂಬಿನೂ ಇದೆ."

ಮಹಾಲಿಂಗಪ್ಪನವರು ನನ್ನನ್ನು ಮೊದಲ ಸಲ ನೋಡಿದರು. ಆಮೇಲೆ ಅವರ ವಯಸ್ಸಿಗೆ ಮೀರಿದ ವೇಗದಲ್ಲಿ ಕೊಡೆ ಊರಿಕೊಂಡು ಪಾರ್ಕಿಂಗ್ ದಾಟಿದರು. ಗಯಾಸಣ್ಣ ಬಾಯಲ್ಲಿದ್ದ ಮೊಳೆ ಉಗುಳಿ ಬಾಗಿಲು ತೆಗೆದ. ನಾವೆಲ್ಲ ಹಸುವಿನ ಪಕ್ಕ ಸಾಲಾಗಿ ನಿಂತೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅವರು ಹೊರಗೆ ಬಂದಾಗ ಬೇರೆಯೇ ಮನುಷ್ಯರಾಗಿದ್ದರು. ಅಂಗಡಿಯಲ್ಲಿ ಬಟ್ಟೆ ಹೊದಿಸದ, ಸ್ಪಂಜು ಮಾತ್ರ ಇದ್ದ ಎತ್ತರದ ಕುರ್ಚಿಯೊಂದರಲ್ಲಿ ಕೂತು, ಕಾಲು ಚಾಚಿ, ಕಾಫಿ ಇಲ್ಲಿಗೇ ಬರಲಿ ಎಂದರು. ಕಾಫಿ ಬಂತು, ಖಾರಾಬಾತ್ ಬಂತು. ಹೆಣ್ಣು ನೋಡುವ ಶಾಸ್ತ್ರ ಸೋಫಾಗಳ ನಡುವೆಯೇ ನಡೆಯಿತು. ಶಾಲು ಹೊದ್ದ ಹಸು ಶಟರಿನೊಳಗೆ ತಲೆ ಹಾಕಿ ಸ್ಪಂಜು ಮೂಸಿತು.

"ನಿನಗೆ ಹೇಗೆ ಗೊತ್ತಾಯ್ತಮ್ಮ?" ಎಂದು ಅವರು ನನ್ನನ್ನು ಕೇಳಿದರು.

"ಬಂದಾಗಿಂದ ಮಂಡಿ ಹಿಡ್ಕೊಂಡಿದ್ರಿ," ಎಂದೆ. ಅವತ್ತಿನ ನನ್ನ ಮಾತಿನ ಕೋಟಾ ಅಲ್ಲಿಗೆ ಮುಗಿಯಿತು.

ಆಗ ಯಶವಂತಪುರದ ರಹಸ್ಯವೂ ಹೊರಬಿತ್ತು. ಅಲ್ಲಿ ಅವರನ್ನು ಗೌರವದಿಂದ ಮಣೆಯ ಮೇಲೆ ಕೂರಿಸಿದ್ದರಂತೆ. ಏಳುವಾಗ ಹುಡುಗಿಯ ಅಪ್ಪನೂ ಚಿಕ್ಕಪ್ಪನೂ ಎರಡು ಕಡೆ ಹಿಡಿದು ಎತ್ತಬೇಕಾಯಿತು, ಹುಡುಗಿಯ ತಮ್ಮ ಅದನ್ನು ಫೋನಿನಲ್ಲಿ ಹಿಡಿದ. ಆ ಮನೆಯವರ ಮುಖ ಮತ್ತೆ ನೋಡಲು ನಾಚಿಕೆಯಾಗಿ ಸಂಬಂಧವನ್ನೇ ಬೇಡವೆಂದರು.

ಅಪ್ಪ ಇದನ್ನು ಕೇಳಿಸಿಕೊಂಡನೋ ಇಲ್ಲವೋ. ಅವನ ಮನಸ್ಸಿನಲ್ಲಿ ಬೇರೆಯದೇ ಕುದಿಯುತ್ತಿತ್ತು. ನಮ್ಮ ಮನೆ ಆಧುನಿಕವೋ, ಸ್ಥಳೀಯವೋ, ಅದರ ನಂತರದ್ದೋ, ತಮ್ಮ ತೀರ್ಪೇನು ಎಂದು ಕೇಳಿಯೇಬಿಟ್ಟ.

"ಅದೆಲ್ಲ ರಿಟೈರಾದ ದಿನವೇ ಬಿಟ್ಟೆ ಸ್ವಾಮಿ," ಎಂದರು ಮಹಾಲಿಂಗಪ್ಪನವರು. "ಈಗ ಬರೀ ಕ್ರಿಕೆಟ್ ನೋಡ್ತೀನಿ. ನಮ್ಮ ಕಡೆಯಿಂದ ಒಪ್ಪಿಗೆ. ಆದರೆ ಒಂದು ಷರತ್ತಿದೆ."

ಷರತ್ತು ಎಂದಾಗ ಅಮ್ಮ ಖಾರಾಬಾತಿನ ಸೌಟನ್ನು ಗಟ್ಟಿಯಾಗಿ ಹಿಡಿದಳು. ಅತ್ತೆ ಸೆರಗನ್ನು ಮತ್ತೆ ಬಾಯಿಯ ಹತ್ತಿರ ತಂದಳು.

"ಮದುವೆ ಛತ್ರ ನೀವು ಬುಕ್ ಮಾಡ್ಬೇಡಿ. ಹುಡುಗಿ ಹೋಗಿ ನೋಡಿ, ಸರಿ ಅಂದ್ರೆ ಮಾತ್ರ."

ಅದನ್ನು ಅಪ್ಪ ಅರ್ಥ ಮಾಡಿಕೊಂಡದ್ದು ತನ್ನದೇ ರೀತಿಯಲ್ಲಿ. ಅವತ್ತು ಸಂಜೆಯೇ ಎರಡನೇ ಮಹಡಿಗೆ ಹತ್ತಿ, ಸಂಬಂಧ ಕೂಡಿದ ಸುದ್ದಿ ಹೇಳಿ, ಮದುವೆಗೆ ಮುಂಚೆಯೇ ಹುಡುಗಿಗೆ ಇಷ್ಟು ಸ್ವಾತಂತ್ರ್ಯ ಕೊಡುವವರು ಆಧುನಿಕರಲ್ಲದೆ ಇನ್ನೇನು ಎಂದು ಕೇಳಿದ. ಹಾಗೇ ಬಚ್ಚಲಿಗೂ ಹೋಗಿ ಬಂದ. ಎದುರುಮನೆಯ ಮಹೇಂದ್ರಣ್ಣನಿಗೆ, ನಾವು ಹಾಲು ಹಾಕುವ ಡೇರಿಯವರಿಗೆ, ಸೋಮವಾರ ಸೋಫಾ ಕೊಯ್ಯಲು ಬಂದ ಗಯಾಸಣ್ಣನಿಗೆ, ಎಲ್ಲರಿಗೂ ಅದನ್ನೇ ಹೇಳಿದ. ನಾನು ತಿದ್ದಲು ಹೋಗಲಿಲ್ಲ.

ಮುಂದಿನ ಭಾನುವಾರ ನಾನು ಛತ್ರ ನೋಡಲು ಹೊರಟೆ. ಒಬ್ಬಳೇ ಹೇಗೆ ಹೋಗುವುದೆಂದು ಎರಡೂ ಮನೆಯವರು ಚರ್ಚಿಸಿ ಮನೋಹರ್ ಅವರನ್ನು ಜೊತೆಗೆ ಕಳಿಸಿದರು. ಅವರ ಬೈಕಿನ ಸೀಟನ್ನು ನಮ್ಮ ಪಾರ್ಕಿಂಗಿನಲ್ಲಿ ಹಸು ಆಗಲೇ ಸ್ವಲ್ಪ ತಿಂದಿತ್ತು. ಯಲಹಂಕದಿಂದ ಆರ್.ಟಿ. ನಗರದವರೆಗೆ ನಾವು ನೋಡಿದ ಛತ್ರಗಳಲ್ಲಿ ಮಂಟಪ ಹೇಗಿತ್ತು, ಊಟದ ಹಾಲ್ ಹೇಗಿತ್ತು ಎಂದು ಕೇಳಿದರೆ ನಮ್ಮಿಬ್ಬರಿಗೂ ಹೇಳಲು ಬರುವುದಿಲ್ಲ. ಎಲ್ಲಿ ಕಮೋಡಿನ ಪಕ್ಕದ ಕಂಬಿ ಗಟ್ಟಿಯಾಗಿದೆ, ಎಲ್ಲಿ ಅಲ್ಲಾಡುತ್ತದೆ ಎಂದು ಮಾತ್ರ ಈಗಲೂ ಹೇಳಬಲ್ಲೆವು. ಪ್ರತಿಯೊಂದನ್ನೂ ಮನೋಹರ್ ಹಿಡಿದು ಜಗ್ಗಿ ನೋಡಿದರು. ನಾನು ಬಾಗಿಲಲ್ಲಿ ಅವರ ಹೆಲ್ಮೆಟ್ ಹಿಡಿದು ನಿಂತಿದ್ದೆ. ಮೊದಲನೇ ಛತ್ರವೇ ಚೆನ್ನಾಗಿತ್ತು. ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.